ಪಾರ್ವತಮ್ಮ ಪಾವರ್ತಮ್ಮ ಆದಾಗ

ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಲೆಕ್ಕವೆಲ್ಲ ಹಳೆಯ ಡೇಟಾಬೇಸ್ ತಂತ್ರಾಂಶ ವಿಷುವಲ್ ಫಾಕ್ಸ್‌ಪ್ರೊದಲ್ಲಿದೆ. ಮೈಕ್ರೋಸಾಫ್ಟ್ 2015ರಲ್ಲೇ ಅದರಿಂದ ಕೈ ತೊಳೆದುಕೊಂಡಿತು. ಗುಮಾಸ್ತರು ಮಾತ್ರ ಇವತ್ತಿಗೂ ಹರಾಜು ಮುಗಿದ ಕೂಡಲೇ, ಮೌಸ್ ಮುಟ್ಟದೆ, ಟಕಟಕ ಅಂತ ಅದರಲ್ಲೇ ಪಟ್ಟಿ ಹಾಕುತ್ತಾರೆ. ರೈತರು ತಮ್ಮ ಖಾತೆಯನ್ನು ಮೊಬೈಲಿನಲ್ಲಿ ನೋಡುವಂತಾಗಬೇಕು, ಸಾಹುಕಾರರು ಕೇಳಿದ್ದು ಇಷ್ಟೇ. "ಹಳೇದನ್ನ ಮಾತ್ರ ಮುಟ್ಬೇಡ ಕಣಪ್ಪಾ" ಅಂತಲೂ ಹೇಳಿದರು.

ನನಗೆ ವೆಬ್ ಪುಟ ಮಾಡುವ ಭಾಷೆ ಪಿಎಚ್‌ಪಿ ಗೊತ್ತಿತ್ತು, ಹೋಸ್ಟಿಂಗೂ ಅಗ್ಗ. ಅದಕ್ಕೇ ಕೈ ಹಾಕಿದೆ. ಫಾಕ್ಸ್‌ಪ್ರೊ ಲೆಕ್ಕ ಇಡುವ ಡಿಬಿಎಫ್ ಫೈಲು ಓದುವ ಡಿಬೇಸ್ ಎಕ್ಸ್‌ಟೆನ್ಷನ್ 5.3ನೇ ಆವೃತ್ತಿಯಿಂದ ಪಿಎಚ್‌ಪಿ ಜೊತೆಗೆ ಬರುವುದಿಲ್ಲ, ಬೇರೆ ತಂದು ಹಾಕಬೇಕು. ಹಾಕಿದೆ. ತೂಕ, ದರ, ಹಮಾಲಿ ಎಲ್ಲ ಬಂತು, ಷರಾ ಬರಲಿಲ್ಲ. ಮುಂಗಡ ಎಷ್ಟು, ಯಾರ ಜಾಮೀನು ಅನ್ನೋದನ್ನೆಲ್ಲ ಗುಮಾಸ್ತರು ಬರೆದಿದ್ದು ಷರಾದಲ್ಲೇ. ಅದು ಉದ್ದ ಬರಹಕ್ಕಿರುವ ಮೆಮೊ ಫೀಲ್ಡು, ಎಫ್‌ಪಿಟಿ ಅನ್ನೋ ಇನ್ನೊಂದು ಫೈಲಿನಲ್ಲಿ ಕೂತಿರುತ್ತದೆ. ಈ ಎಕ್ಸ್‌ಟೆನ್ಷನ್‌ಗೆ ಮೆಮೊ ಓದಲು ಬರುವುದಿಲ್ಲ. ಡೇಟಾಬೇಸ್‌ಗಳಿಗೆ ಸೇತುವೆಯಾಗುವ ಒಡಿಬಿಸಿ ಮೂಲಕ ಹೋಗೋಣವೆಂದರೆ ಫಾಕ್ಸ್‌ಪ್ರೊ ಡ್ರೈವರ್ 32 ಬಿಟ್‌ನದು ಮಾತ್ರ, ನನ್ನ ಪಿಎಚ್‌ಪಿ 64, ಎರಡೂ ಕೂಡುವುದಿಲ್ಲ.

ಇನ್ನೊಂದು ಎಡವಟ್ಟು ನನ್ನದೇ. ಸಾಹುಕಾರರಿಗೆ ಪರದೆ ತೋರಿಸಿದಾಗ ಕೇಳಿದರು: "ಈ ಪಟ್ಟಿ ಅಳಿಸ್ಹಾಕಿ ವರ್ಷ ಆಯ್ತಲ್ಲೋ, ಎಲ್ಲಿಂದ ಎದ್ದು ಬಂತು?" ಫಾಕ್ಸ್‌ಪ್ರೊದಲ್ಲಿ ಡಿಲೀಟ್ ಅಂದರೆ ಸಾಲಿನ ಮೊದಲ ಬೈಟಿನಲ್ಲಿ ಒಂದು ನಕ್ಷತ್ರ ಚಿಹ್ನೆ ಬೀಳುತ್ತದೆ, ಅಷ್ಟೆ. ಪ್ಯಾಕ್ ಅನ್ನೋ ಆಜ್ಞೆ ಕೊಟ್ಟು ನಿಜವಾಗಿ ತೆಗೆದುಹಾಕುವವರೆಗೂ ಸಾಲು ಅಲ್ಲೇ ಇರುತ್ತದೆ. ನಾನು ಆ ಗುರುತನ್ನು ನೋಡಿರಲೇ ಇಲ್ಲ.

ಆಮೇಲೆ ಪೈಥಾನ್ ಅನ್ನೋ ಇನ್ನೊಂದು ಭಾಷೆ ಹಿಡಿದೆ, ಅರೆಬರೆ ಬರುತ್ತಿದ್ದರೂ. ಅದರ ಡಿಬಿಎಫ್‌ರೀಡ್ ಲೈಬ್ರರಿ ಮೆಮೊ ಓದುತ್ತದೆ, ಅಳಿಸಿದ ಸಾಲುಗಳನ್ನು ತಾನೇ ಬಿಟ್ಟುಬಿಡುತ್ತದೆ. ಬರೆಯಲು ಮಾತ್ರ ಅದಕ್ಕೆ ಬರುವುದಿಲ್ಲ. ಹಳೇದನ್ನು ಮುಟ್ಟಬೇಡ ಅಂದವರ ಮುಂದೆ ಇದಕ್ಕಿಂತ ಒಳ್ಳೆಯ ಗುಣ ಯಾವುದಿದೆ?

ನಿಜವಾದ ಬೆವರು ಇಳಿದದ್ದು ಹೆಸರುಗಳಲ್ಲಿ. ಎಲ್ಲವೂ ಹಳೆಯ ನುಡಿ ಫಾಂಟಿನಲ್ಲಿ ಟೈಪಾದವು, ಯೂನಿಕೋಡ್ ಅಲ್ಲ. ಯುರೋಪಿನ ಅಕ್ಷರಗಳ ಸಂಕೇತಪದ್ಧತಿ ಲ್ಯಾಟಿನ್-1 ಅಂತ ಹೇಳಿ ಓದಿಸಿದೆ. 256 ಬೈಟುಗಳಲ್ಲಿ ಯಾವುದಕ್ಕೂ ಅದು ತಕರಾರು ಮಾಡುವುದಿಲ್ಲ. ಬಂದದ್ದು ಕೊಂಬು, ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳ ಸಂತೆ. 'ಕೊ' ಒಂದಕ್ಕೇ ಮೂರು ಚೂರು. ಚೂರುಗಳಿಗೆ ಒಂದು ಕೋಷ್ಟಕ ಮಾಡಿ ಬದಲಿಸಿದೆ, ಮುಕ್ಕಾಲು ಪಾಲು ಸರಿಹೋಯಿತು. ಆದರೆ ಪಾರ್ವತಮ್ಮ ಹೋಗಿ ಪಾವರ್ತಮ್ಮ ಆಗಿದ್ದರು! ನುಡಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆಯೇ 'ವ' ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, 'ರ್' ಮುಂಚೆ ಇರಬೇಕು. ಅರ್ಕಾವೊತ್ತು ಸಿಕ್ಕಿದಲ್ಲೆಲ್ಲ ಹಿಂದಿನ ಇಡೀ ಅಕ್ಷರವನ್ನು, ಅದರ ಒತ್ತು, ಗುಣಿತದ ಸಮೇತ, ದಾಟಿಸಿ 'ರ್' ಅನ್ನು ಮುಂದೆ ತಂದು ಕೂರಿಸುವ ಫಂಕ್ಷನ್ ಬರೆಯಲು ಎರಡು ರಾತ್ರಿ ಹಿಡಿಯಿತು. ಪುಟ ತೋರಿಸುವ ಫ್ಲಾಸ್ಕ್ ಕೋಡಿಗೆ ಒಂದು ಮಧ್ಯಾಹ್ನ ಸಾಕಾಯಿತು.

ಗುಮಾಸ್ತರು ಟೈಪ್ ಮಾಡುತ್ತಿರುವಾಗಲೇ ಫೈಲು ಓದಿದರೆ ಅರ್ಧ ಬರೆದ ಪಟ್ಟಿ ಸಿಗಬಹುದು. ಹಾಗಾಗಿ ಅವರು ಊಟಕ್ಕೆ ಎದ್ದಾಗ ಪ್ರೋಗ್ರಾಂ ಮುಚ್ಚಬೇಕು, ಆಗ ನಕಲು ಹೋಗುತ್ತದೆ ಅಂತ ಒಪ್ಪಂದವಾಯಿತು. ವಾರಕ್ಕೆರಡು ಸಲ ಮರೆಯುತ್ತಾರೆ. ಫೋನ್ ಮಾಡಿದರೆ, "ಅಯ್ಯೋ, ಕೈ ತೊಳ್ಕೊಂಡ್ ಬಿಟ್ಟಿದ್ನಲ್ಲಪ್ಪಾ" ಅನ್ನುತ್ತಾರೆ.