ಮಳೆಗಾಲದ ಬಳಿಕ ಟ್ರಾಕ್ಟರಿನ ಹೈಡ್ರಾಲಿಕ್ ಎಣ್ಣೆಯ ತಪಾಸಣೆ
ಕೊಡಗಿನ ಕಾಫಿ ತೋಟಗಳಲ್ಲಿ ದುಡಿಯುವ ಟ್ರಾಕ್ಟರಿನ ಹೈಡ್ರಾಲಿಕ್ ಎಣ್ಣೆಯನ್ನು ಮಳೆಗಾಲ ಮುಗಿದೊಡನೆ ಪರೀಕ್ಷಿಸುವುದು ಒಳ್ಳೆಯದು. ಎಣ್ಣೆ ಬಹುಮಟ್ಟಿಗೆ ಕುಗ್ಗದ ಕಾರಣ ಪಂಪಿನ ಒತ್ತಡ ಪಿಸ್ಟನ್ನಿಗೆ ತಲುಪಿ ಭಾರವನ್ನು ಎತ್ತುತ್ತದೆ. 100 ಬಾರ್ ಒತ್ತಡವಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ಕಿಲೋ ತೂಕದಷ್ಟು ಬಲ ದೊರೆಯುತ್ತದೆ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ (ಇಳಿಜಾರಿನ ತೋಟದಲ್ಲಿ ಅಂಥ ಜಾಗ ಹುಡುಕುವುದೇ ಒಂದು ಕೆಲಸ), ಎತ್ತಿದ್ದನ್ನೆಲ್ಲ ಕೆಳಗಿಳಿಸಿ, ಎಂಜಿನ್ ಆರಿಸಿದ ಬಳಿಕ ಅಳತೆ ಕಡ್ಡಿಯನ್ನು ನೋಡಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿರುತ್ತದೆ. ನೊರೆಯಿದ್ದರೆ ಪಂಪಿಗೆ ಎಣ್ಣೆ ಎಳೆಯುವ ಹೀರು ಪೈಪಿನ ಜೋಡಣೆಯಲ್ಲಿ ಗಾಳಿ ನುಗ್ಗುತ್ತಿರಬಹುದು. ನೀರು ಬೆರೆತ ಎಣ್ಣೆಯ ಮೇಲೆ ಹೊಸದನ್ನು ಸುರಿಯುವುದು ದಂಡ. ಪೂರ್ತಿ ಬಸಿದು, ಫಿಲ್ಟರ್ ಬದಲಿಸಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ತುಂಬಬೇಕು. ಸೋರಿಕೆಯನ್ನು ಬೆರಳಿನಿಂದ ಹುಡುಕದೆ ರಟ್ಟಿನ ತುಂಡು ಹಿಡಿದು ನೋಡಬೇಕು, ಏಕೆಂದರೆ ಸಣ್ಣ ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮದೊಳಕ್ಕೆ ನುಗ್ಗಬಲ್ಲದು.