ಬ್ಯಾಂಕ್ ರಜೆ ನೋಡಿ ಮಗು ಆಗಲ್ಲ

ನಾನು ಬಳ್ಳಾರಿಯಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದೆ. ನಮ್ಮನೆಯವರಿಗೆ ಮೈಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಮಗು ಬೇಕು ಅಂತ ಇಬ್ಬರೂ ತೀರ್ಮಾನ ಮಾಡಿದ್ದೆವು, ಆದರೆ ವರ್ಗಾವಣೆ ಮಾತ್ರ ಆಗಲಿಲ್ಲ. ಹಬ್ಬಕ್ಕೆ ಊರಿಗೆ ಹೋದರೆ "ಏನಾದ್ರೂ ವಿಶೇಷ ಉಂಟಾ?" ಅನ್ನುವವರಿಗೇನೂ ಬರ ಇರಲಿಲ್ಲ. ವಿಶೇಷ ಆಗೋಕೆ ಗಂಡ ಹೆಂಡತಿ ಒಂದು ಕಡೆ ಇರಬೇಕಲ್ವಾ!

ನಾವು ಸೇರುತ್ತಿದ್ದದ್ದು ಎರಡನೇ ಮತ್ತು ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ ಇದ್ದಾಗ. ಅದನ್ನು ಕೇಳಿ ಡಾಕ್ಟರ್ ನಕ್ಕರು. "ಬ್ಯಾಂಕ್ ರಜೆಗೂ ನಿಮ್ಮ ಮುಟ್ಟಿಗೂ ತಾಳೆ ಆಗಬೇಕಲ್ಲಮ್ಮ" ಅಂದರು.

ಲೆಕ್ಕ ಇಷ್ಟೇ. ಅಂಡಾಣು ಹೊರಬಂದ ಮೇಲೆ 12ರಿಂದ 24 ಗಂಟೆ ಮಾತ್ರ ಬದುಕುತ್ತದೆ. ವೀರ್ಯಾಣು ಒಳಗೆ 5 ದಿನದವರೆಗೂ ಬದುಕಿರಬಹುದು. ಅಂದರೆ ಅಂಡಾಣು ಹೊರಬರುವ ದಿನಕ್ಕೆ ಓಡಿ ಬರುವುದಕ್ಕಿಂತ ಎರಡು ಮೂರು ದಿನ ಮೊದಲೇ ಜೊತೆಗಿರುವುದು ಒಳ್ಳೆಯದು. ದೂರ ಇರುವವರಿಗೆ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ.

ಓವ್ಯುಲೇಷನ್, ಅಂದರೆ ಅಂಡಾಣು ಹೊರಬರುವುದು, ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. ಎಲ್ಲರಿಗೂ ಮುಟ್ಟು ಶುರುವಾದ ದಿನದಿಂದ ಎಣಿಸಿ 14ನೇ ದಿನವೇ ಅನ್ನುವುದು ಸುಳ್ಳು. ನನ್ನ ಮುಟ್ಟು 29ರಿಂದ 33 ದಿನಕ್ಕೆ ಬರುತ್ತಿತ್ತು. ಹಾಗಾಗಿ ನನಗೆ 15ರಿಂದ 19ನೇ ದಿನದೊಳಗೆ ಯಾವಾಗ ಬೇಕಾದರೂ ಆಗಬಹುದಿತ್ತು.

ಮೆಡಿಕಲ್ ಶಾಪಿನಲ್ಲಿ ಸಿಗುವ, ಮೂತ್ರದಲ್ಲಿ ಪರೀಕ್ಷಿಸುವ ಓವ್ಯುಲೇಷನ್ ಸ್ಟ್ರಿಪ್ ತಂದೆ. ಅದರಲ್ಲಿ ಗೆರೆ ಗಾಢವಾದರೆ ಇನ್ನು 24ರಿಂದ 36 ಗಂಟೆಯಲ್ಲಿ ಓವ್ಯುಲೇಷನ್ ಅಂತ. ಒಂದೇ ಮನೆಯಲ್ಲಿರುವವರಿಗೆ ಅದು ಸಾಕು. ನಮಗೆ? ಸಂಜೆ ಗೆರೆ ಕಂಡು, ಮರುದಿನ ತತ್ಕಾಲ್‌ಗೆ ಕಾದು, ಅದರ ಮರುದಿನ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮೈಸೂರು ಮುಟ್ಟುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಅದಕ್ಕೇ ನಾನು ಸ್ಟ್ರಿಪ್‌ಗಿಂತ ಬಿಳಿ ಹೋಗುವುದರ ಮೇಲೆ ಜಾಸ್ತಿ ಕಣ್ಣಿಟ್ಟೆ. ಮೊದಲು ಒಣಗಿದ ಹಾಗಿರುತ್ತದೆ, ಆಮೇಲೆ ಕೆನೆಯ ಹಾಗೆ. ಕೊನೆಗೆ ಹಸಿ ಮೊಟ್ಟೆಯ ಬಿಳಿಯಂತೆ ತೆಳ್ಳಗೆ, ಬೆರಳಲ್ಲಿ ಎಳೆದರೆ ಎಳೆಯಾಗಿ ಬರುತ್ತದೆ. ಈ ಬದಲಾವಣೆ ಒಂದೆರಡು ದಿನ ಮೊದಲೇ ಸುಳಿವು ಕೊಡುತ್ತಿತ್ತು.

ಅಷ್ಟರಲ್ಲಿ ಟಿಕೆಟ್ ಸಿಗಬೇಕಲ್ಲ. ರೈಲಿನ ಬುಕಿಂಗ್ ಈಗ 60 ದಿನ ಮೊದಲೇ ಶುರು. ನಾನು ಹತ್ತಿರ ಹತ್ತಿರದ ಎರಡು ದಿನಕ್ಕೆ ಟಿಕೆಟ್ ಮಾಡಿಸಿಟ್ಟು, ಸುಳಿವು ನೋಡಿಕೊಂಡು ಒಂದನ್ನು ರದ್ದು ಮಾಡುತ್ತಿದ್ದೆ. ಕೈಬಿಟ್ಟ ದುಡ್ಡಿಗೆ ಬೇಜಾರಾಗಲಿಲ್ಲ. ಎರಡೂ ತಪ್ಪಿದರೆ ರಾತ್ರಿ ಬಸ್ಸು. "ರೀ, ಆ ವಾರ ನೈಟ್ ಶಿಫ್ಟ್ ಬೇಡ ಅನ್ನಿ" ಅಂತ ಮೊದಲೇ ಫೋನ್ ಮಾಡುತ್ತಿದ್ದೆ. ಸಿಎಲ್ (ಸಾಂದರ್ಭಿಕ ರಜೆ) ಎಲ್ಲವನ್ನೂ ಆ ದಿನಗಳಿಗೇ ಉಳಿಸಿಕೊಂಡೆ. ನಾದಿನಿಯ ಮನೆ ಗೃಹಪ್ರವೇಶಕ್ಕೂ ಹೋಗಲಿಲ್ಲ. ಆ ಮುನಿಸು ಇನ್ನೂ ಇದೆ.

ಗಂಡಸರ ಕಷ್ಟವನ್ನೂ ಹೇಳಬೇಕು. "ಇವತ್ತೇ" ಅಂದರೆ ಅವರಿಗೂ ಮನಸ್ಸು ಬರಬೇಕಲ್ಲ. ನಿದ್ದೆಗೆಟ್ಟು ಬಂದವರ ಮುಂದೆ ಸ್ಟ್ರಿಪ್ ಹಿಡಿದು ನಿಂತರೆ ಯಾರಿಗೆ ಖುಷಿ? ಹಾಗಾಗಿ ಆ ಲೆಕ್ಕಕ್ಕೆ ಸೇರದ ಭೇಟಿಗಳನ್ನು ನಾವು ಬಿಡಲಿಲ್ಲ. ಸುಮ್ನೆ ಸಿನಿಮಾ, ಚಾಮುಂಡಿ ಬೆಟ್ಟ, ಊಟ.

ಫೋಲಿಕ್ ಆಸಿಡ್ ಮಾತ್ರೆಯನ್ನು ಮೊದಲೇ ಶುರು ಮಾಡಿದ್ದೆ, ಥೈರಾಯ್ಡ್ ನೋಡಿಸಿದ್ದೆ. ಅವರ ವೀರ್ಯ ಪರೀಕ್ಷೆಯನ್ನೂ ಆರಂಭದಲ್ಲೇ ಮಾಡಿಸಿದೆವು. ಅದಕ್ಕೆ ನಾನು ಊರಲ್ಲಿರಬೇಕಾಗಿಯೂ ಇರಲಿಲ್ಲ. ಕೊನೆಯ ಸಲ ವೀರ್ಯ ಹೋಗಿ 2ರಿಂದ 7 ದಿನ ಆಗಿರಬೇಕು ಅಷ್ಟೇ, ದೂರ ಇರುವವರಿಗೆ ಅದೇನು ಕಷ್ಟ! ಹಡಗಿನಲ್ಲೋ ಗಲ್ಫ್‌ನಲ್ಲೋ ತಿಂಗಳುಗಟ್ಟಲೆ ಇರುವವರು ವೀರ್ಯವನ್ನು ಫ್ರೀಜ್ ಮಾಡಿಸಿಟ್ಟು ಹೋಗುವುದೂ ಉಂಟು. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಮಗಳು ಈಗ ಬಾಲವಾಡಿಗೆ ಹೋಗುತ್ತಾಳೆ.

ವರ್ಷ ಪ್ರಯತ್ನಿಸಿ ಆಗದಿದ್ದರೆ ಡಾಕ್ಟರನ್ನು ನೋಡಿ, ಹೆಂಡತಿಗೆ ವಯಸ್ಸು 35 ದಾಟಿದ್ದರೆ 6 ತಿಂಗಳಿಗೇ ನೋಡಿ ಅನ್ನುತ್ತಾರೆ. ಆ ವರ್ಷದಲ್ಲಿ ಸರಿಯಾದ ದಿನಕ್ಕೆ ಎಷ್ಟು ತಿಂಗಳು ಜೊತೆಗಿದ್ದಿರಿ ಅನ್ನುವುದನ್ನು ಬರೆದುಕೊಂಡು ಹೋಗಿ. ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಮುಟ್ಟು ಏರುಪೇರಿದ್ದರೆ ಮಾತ್ರ ಅಷ್ಟು ದಿನವೂ ಕಾಯಬೇಡಿ.