ಶಿರಸಿಯ ಲೇಖನಗಳಿಗೆ ಡಿಒಐ ಹಾಕಿಸಿದ ಕಥೆ

ಕಳೆದ ಮಳೆಗಾಲದಲ್ಲಿ ನಮ್ಮ ಸಂಶೋಧನಾ ಸಂಚಿಕೆಯ ವೆಬ್‌ಸೈಟ್ ಮತ್ತೆ ಮಲಗಿತು. ಹೋಸ್ಟಿಂಗ್‌ನವರು ಫೋನೇ ಎತ್ತಲಿಲ್ಲ. ಅದೇ ವಾರ ನಮ್ಮ ಹುಡುಗಿಯೊಬ್ಬಳ ಪಿಎಚ್‌ಡಿ ವೈವಾ. ಪರೀಕ್ಷಕರು ಆಧಾರಗಳ ಪಟ್ಟಿಗೆ ಹೋಗಿ, ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಬಗ್ಗೆ ನಾವು ಹಾಕಿದ್ದ ಲೇಖನದ ಡಿಒಐ ಲಿಂಕ್ ಒತ್ತಿದರು. ಡಿಒಐ ಅಂದರೆ ಲೇಖನಕ್ಕೆ ಕೊಡುವ ಶಾಶ್ವತ ಗುರುತು ಸಂಖ್ಯೆ, ಅದೇ ಲಿಂಕೂ ಆಗುತ್ತದೆ. ತೆರೆಯಿತು! "ಇದೆಲ್ಲ ನಮ್ಮೂರಿಗೆ ಆಗೂದಲ್ಲ ಮಾರಾಯ" ಎಂದಿದ್ದ ಹಿರಿಯ ಸಹೋದ್ಯೋಗಿ ಪಕ್ಕದಲ್ಲೇ ಕೂತಿದ್ದರು. ನಾನು ಸುಮ್ನೆ ಅವರ ಮುಖ ನೋಡಿದೆ.

ಮೊದಲ ಪೆಟ್ಟು ಬಿದ್ದದ್ದು 2018ರಲ್ಲಿ. ಡೊಮೈನ್ ನವೀಕರಿಸಲು ಮರೆತೆವು, ಹೆಸರು ಬೇರೆಯವರ ಪಾಲಾಯಿತು. ಅರವತ್ತು ಚಿಲ್ಲರೆ ಲೇಖನಗಳ ಲಿಂಕ್ ಒತ್ತಿದರೆ ರಮ್ಮಿ ಜಾಹೀರಾತು. ಹೆಸರು ಬಿಟ್ಟುಕೊಡಲು ನಲವತ್ತು ಸಾವಿರದ ಹತ್ತಿರ ಕೇಳಿದರು. ನಮ್ಮ ಇಡೀ ವರ್ಷದ ಬಜೆಟ್ಟೇ ಇಪ್ಪತ್ತೈದು, ಮುದ್ರಣವೂ ಸೇರಿ. ಡಿಒಐ ಕೊಡುವ ಕ್ರಾಸ್‌ರೆಫ್ ಸಂಸ್ಥೆಯ ಸದಸ್ಯತ್ವ ನೋಡಿದೆ: ಆಗ ವರ್ಷಕ್ಕೆ 275 ಡಾಲರ್, ಹೊಸ ಲೇಖನಕ್ಕೆ ತಲಾ ಒಂದು ಡಾಲರ್ ಬೇರೆ. ಅದನ್ನೂ ಬಿಟ್ಟೆ.

ಕೊನೆಗೆ ಹಿಡಿದದ್ದು ಝೆನೊಡೊ, ಲೇಖನ ಏರಿಸಿದರೆ ಡಿಒಐ ಕೊಡುವ ಆನ್‌ಲೈನ್ ಭಂಡಾರ. ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್‌ನವರದ್ದು, 2013ರಿಂದ ಇದೆ, ಪುಕ್ಕಟೆ. ಫೈಲೂ ಅಲ್ಲೇ ಇರುತ್ತದೆ, ಹಾಗಾಗಿ ನಮ್ಮ ಸೈಟ್ ಸತ್ತರೂ ಲಿಂಕ್ ಸಾಯುವುದಿಲ್ಲ.

ಆದರೆ ಮೊದಲ ಹದಿನೈದಿಪ್ಪತ್ತು ಲೇಖನ ಕೆಡಿಸಿದೆ. ಒಂದರಲ್ಲಿ ಲೇಖಕಿಯ ಹೆಸರೇ ತಪ್ಪು. ವಿವರ ತಿದ್ದಬಹುದು, ಪಿಡಿಎಫ್ ಬದಲಿಸಲು ಹೊಸ ಆವೃತ್ತಿ ಮಾಡಬೇಕಾಯಿತು. ಹೊಸ ಆವೃತ್ತಿಗೆ ಹೊಸ ಡಿಒಐ. ಎಲ್ಲ ಆವೃತ್ತಿಗೂ ಸೇರಿ ಇನ್ನೊಂದು ಸಂಖ್ಯೆ ಇರುತ್ತದಲ್ವಾ, ಹುಡುಗರು ಅದನ್ನು ಹಾಕಿ ಪುಟಸಂಖ್ಯೆ ಕೊಟ್ಟರು. ಲಿಂಕ್ ಹೊಸ ಆವೃತ್ತಿಗೆ ಹೋಯಿತು, ಪುಟ ತಾಳೆಯಾಗಲಿಲ್ಲ. ಈಗ ಪುಟ ಉಲ್ಲೇಖಿಸುವುದಾದರೆ ಆ ಆವೃತ್ತಿಯದ್ದೇ ಸಂಖ್ಯೆ ಎಂದು ನಿಯಮ ಮಾಡಿದ್ದೇನೆ.

ಜಾಸ್ತಿ ತಲೆ ತಿಂದದ್ದು ನುಡಿ, ಕನ್ನಡ ಟೈಪಿಂಗ್ ತಂತ್ರಾಂಶ. ಹಳೆಯ ಕಡತ ಯುನಿಕೋಡ್‌ಗೆ ಹಾಕಿದರೆ ಲಿಂಕಿನ ಇಂಗ್ಲಿಷ್ ಅಕ್ಷರಗಳೂ ಕನ್ನಡದ ಕಲಸುಮೇಲೋಗರವಾಗುತ್ತಿದ್ದವು. ಝೆನೊಡೊ ಡಿಒಐನ ಶುರುವಿನ 10.5281 ಹೋಗಿ ೧೦.೫೨೮೧! ಕಣ್ಣಿಗೆ ಸರಿ, ಒತ್ತಿದರೆ ಸುಳ್ಳು. ಮತ್ತೊಂದು ಕಡೆ ಎಲ್ಲ ಸರಿಯಿದ್ದರೂ ತೆರೆಯದು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು: ಸಾಲಿನ ಕೊನೆಯ ಪೂರ್ಣವಿರಾಮ ಲಿಂಕಿಗೆ ಅಂಟಿಕೊಂಡಿತ್ತು. ಈಗ ಪ್ರೆಸ್ಸಿಗೆ ಕೊಡುವ ಮೊದಲು ಇವನ್ನೆಲ್ಲ ಒಂದೇ ಏಟಿಗೆ ಹಿಡಿಯುವ ಸ್ಪ್ರೆಡ್‌ಶೀಟ್ ಸೂತ್ರ ಮಾಡಿಕೊಂಡಿದ್ದೇನೆ. ಅದನ್ನು ಮಾತ್ರ ಕೇಳಬೇಡಿ.

ಇನ್ನೊಂದು ಹೇಳುತ್ತೇನೆ. ಪ್ರಕಟಿಸುವ ಮೊದಲೇ ಡಿಒಐ ಕಾಯ್ದಿರಿಸಿ, ಪಿಡಿಎಫ್‌ನ ಮೊದಲ ಪುಟದಲ್ಲೇ ಅಚ್ಚು ಹಾಕಿ. ಮೇಲ್‌ನಲ್ಲಿ ಕೈಯಿಂದ ಕೈಗೆ ಹೋದ ಪ್ರತಿಯಲ್ಲೂ ಅದು ಇರುತ್ತದೆ.

ಮಧ್ಯೆ ಕ್ಯೂಆರ್ ಹುಚ್ಚೂ ಹಿಡಿದಿತ್ತು. ಕಾರವಾರದ ಸೆಮಿನಾರಿಗೆ ಪ್ರತಿ ಪೋಸ್ಟರಿಗೂ ಒಂದೊಂದು ಅಂಟಿಸಿದೆ, ಆರೇಳುನೂರು ರೂಪಾಯಿ ಖರ್ಚು. ಒತ್ತೊತ್ತಾಗಿ ಅಂಟಿಸಿದ್ದರಿಂದ ಮೀನಿನ ಪೋಸ್ಟರ್ ಸ್ಕ್ಯಾನ್ ಮಾಡಿದವರಿಗೆ ಕಾಂಡ್ಲಾ (ಮ್ಯಾಂಗ್ರೋವ್) ಲೇಖನ ತೆರೆಯಿತು. ಒಬ್ಬರು ಅದನ್ನೇ ಓದಿ ಪ್ರಶ್ನೆಯನ್ನೂ ಕೇಳಿದರು.

ಈವರೆಗೆ ನೂರಾ ನಲವತ್ತರ ಆಸುಪಾಸು ಲೇಖನ ಏರಿಸಿದ್ದೇನೆ. ವೈವಾ ಮುಗಿದ ಮೂರನೇ ದಿನಕ್ಕೆ ಆ ಹಿರಿಯರು ತಮ್ಮ 1990ರ ದಶಕದ ಲೇಖನಗಳ ಕಟ್ಟು ತಂದು ನನ್ನ ಮೇಜಿನ ಮೇಲಿಟ್ಟರು. ಎರಡು ಪುಟ ಗೆದ್ದಲು ತಿಂದಿದೆ. ಅವನ್ನು ಹುಡುಕುತ್ತಿದ್ದೇವೆ.